ಎರಡಾಳಿನ ಮಗ್ಗ

ಮಕ್ತಲ್‌ನ ನನ್ನ ತವರಿನಲ್ಲಿ ಆಳು ಅಂದರೆ ಹೊಲದಲ್ಲಿ ದುಡಿಯುವವರು. ಶೇಂಗಾ ಕೀಳಲು ಆಳು ಸಿಗಲಿಲ್ಲವೆಂದು ಅಪ್ಪ ಗೊಣಗುತ್ತಿದ್ದ. ಬಾವಿಯಲ್ಲಿ ನೀರೆಷ್ಟು ಅಂದರೂ ಎರಡಾಳು ಅನ್ನುತ್ತಿದ್ದ. ಮುಸುರೆ ತಿಕ್ಕಲು ಕರೆದರೆ ನಾನು "ನಾ ಏನು ನಿಮ್ಮನಿ ಆಳೇನು?" ಎಂದು ಅವ್ವನ ಮೇಲೆ ಹಾರಾಡುತ್ತಿದ್ದೆ. ಗದ್ವಾಲ್‌ನ ನೇಕಾರರ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಮಾತಿನ ಬೆಲೆಯೇ ಬೇರೆಯಾಯಿತು. ಇಲ್ಲಿ ಆಳು ಅಂದರೆ ಮಗ್ಗದ ಹಲಗೆಯ ಮೇಲೆ ಪಕ್ಕದಲ್ಲಿ ಕೂತವರು.

ನಮ್ಮ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸುತ್ತ ನೇಯಬೇಕು, ಅದಕ್ಕೇ ಎರಡಾಳು. ಎಡದ ಅಂಚು ನನ್ನದು, ಬಲದ್ದು ನನ್ನ ಗಂಡನದು. ನಾನು ಸಿಕ್ಕಿಸಿ 'ಹೂಂ' ಅಂದರೆ ಅವರೂ 'ಹೂಂ' ಅಂದು ಲಾಳಿ ಎಸೆಯುವರು. ಮಹಾ ಮೌನಿ. ದಿನವೆಲ್ಲ ನಮ್ಮ ಸಂಸಾರದ ಮಾತು ಅಷ್ಟೇ, ನನಗೆ ಸಾಕಾಗಿತ್ತು.

ಅವರು ತೀರಿಕೊಂಡು ವರ್ಷವಾಯಿತು. ಮಗ್ಗ ಬಣಗುಟ್ಟುವುದನ್ನು ನೋಡಲಾಗದೆ ಹೋದ ತಿಂಗಳು, ನೂಲು ಕೊಟ್ಟು ಸೀರೆ ನೇಯಿಸುವ ಹೊಸ ಸಾಹುಕಾರರೊಬ್ಬರಿಗೆ ಫೋನು ಹಚ್ಚಿದೆ. "ಎಷ್ಟು ಆಳು ಅದೀರಿ?" ಅಂದರು. "ಎರಡ್ರಿ" ಅಂದುಬಿಟ್ಟೆ. ರೂಢಿಯ ಬಾಯಿ. ತಿದ್ದಲು ಮನಸ್ಸೂ ಬರಲಿಲ್ಲ.

ದೊಡ್ಡ ಅಂಚಿನ ಸೀರೆಗೆ ಹಾಸು, ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ನೂಲು, ಬಂತು. ಒಬ್ಬಳೇ ಎಡಕ್ಕೆ ಸಿಕ್ಕಿಸುವುದು, ಅವರ ಜಾಗಕ್ಕೆ ಸರಿಯುವುದು, ಮತ್ತೆ ಎಡಕ್ಕೆ. ಸಿಕ್ಕಿಸಿದಾಗಲೆಲ್ಲ 'ಹೂಂ' ಅಂದು ಹುಚ್ಚಿಯ ಹಾಗೆ ಕಾಯುತ್ತಿದ್ದೆ.

ಮೊನ್ನೆ ಸಾಹುಕಾರರ ಗುಮಾಸ್ತ ಕೆಲಸ ನೋಡಲು ಬಂದ, ನಾರಾಯಣಪೇಟೆಯವನು. ನೇಯ್ಗೆ ಮುಟ್ಟಿ ನೋಡಿ ತಲೆದೂಗಿದ. "ಇನ್ನೊಂದು ಆಳು ಎಲ್ಲೈತ್ರಿ? ಒಬ್ರೇ ಇದ್ರ ಹಾಸು ವಾಪಸ್ ತಗೊಂಡು ಬಾ ಅಂದಾರ."

"ಹೊರಗ ಹೋಗ್ಯಾರ, ಬರ್ತಾರ."

"ಬರ್ಲಿ ಬಿಡ್ರಿ" ಎಂದು ಕೂತೇಬಿಟ್ಟ. ಚಹ ಕೊಟ್ಟೆ. ಅವನು ಕುಡಿಯುತ್ತ ಬಾಗಿಲ ಕಡೆ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ನಾನೂ ನೋಡತೊಡಗಿದೆ. ನಿಜಕ್ಕೂ ಕಾಯುತ್ತಿದ್ದೇನೆಂದು ಗೊತ್ತಾದಾಗ ಸಂಕಟ ತಡೆಯಲಾಗಲಿಲ್ಲ.

"ಅವರು ಬರಂಗಿಲ್ಲಪ್ಪ" ಅಂದೆ. "ತೀರ್ಕೊಂಡಾರ." ವರ್ಷದಲ್ಲಿ ಈ ಮಾತನ್ನು ನಾನೇ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅವನು ಲೋಟ ಕೆಳಗಿಟ್ಟ. "ಇದೊಂದು ಮುಗಿಸ್ರಿ, ಸಾಹುಕಾರ್ರಿಗೆ ನಾ ಹೇಳ್ತೀನಿ. ಮುಂದ ಒಂದಾಳಿನ ಸೀರಿ ಕಳಸ್ತೀವಿ" ಎಂದು ಎದ್ದು ಹೋದ.

ನಾನು ಮಗ್ಗಕ್ಕೆ ಮರಳಿದೆ. ಎಳೆ ಸಿಕ್ಕಿಸಿ 'ಹೂಂ' ಅಂದೆ. ಬಲಕ್ಕೆ ಸರಿದು ಅವರ 'ಹೂಂ' ಕೂಡ ನಾನೇ ಅಂದು ಲಾಳಿ ಎಸೆದೆ.