ಹೊಲಿಗೆಗೆ ಬಿಡದ ಬಟ್ಟೆ

ಬೆಳಿಗ್ಗೆ ಆರು ನಲವತ್ತಕ್ಕೆ ಕಟಿಂಗ್ ಅಕ್ಕ ಅಡುಗೆಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತು ಪ್ರಾರ್ಥನೆಯ ಮೊದಲ ಸಾಲನ್ನು ಮತ್ತೆ ಹೇಳುತ್ತಿದ್ದಳು. ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳಾದ್ದರಿಂದ ಅವಳಿಗೆ ಆ ಹೆಸರು. ನಡುವೆ ಒಂದು ಕೆಟ್ಟ ಯೋಚನೆ ಸುಳಿದರೂ ಪ್ರಾರ್ಥನೆ ಮೊದಲಿನಿಂದ ಶುರು. ಅರೆಮನಸ್ಸಿನಲ್ಲಿ ಮುಗಿಸಿದರೆ ಮನೆಯವರಿಗೆ ಏನಾದರೂ ಆಗಿಬಿಡುತ್ತದೆ ಎಂದು ಅವಳು ನಂಬಿದ್ದಳು.

"ದೇವರಿಗೂ ಬೇರೆ ಕೆಲಸ ಇರುತ್ತಮ್ಮಾ," ಎಂದಳು ಅತ್ತಿಗೆ. "ಸ್ವಲ್ಪ ಪಕ್ಕಕ್ಕೆ ಸರಿ, ಹಾಲು ಉಕ್ತಿದೆ."

ಅಂದು ಅಂಗಡಿಯಲ್ಲಿ ಸಮವಸ್ತ್ರದ ಬಟ್ಟೆಯನ್ನು ಪದರ ಪದರವಾಗಿ ಹಾಸಿದ್ದರು. ಸೀಮೆಸುಣ್ಣದ ಗೆರೆಯಾಚೆ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು ಕತ್ತರಿಸುವುದು ವಾಡಿಕೆ. ಆ ಅರ್ಧ ಇಂಚು ಅವಳ ಕಣ್ಣಿಗೆ, ಪ್ರಾರ್ಥನೆಯಲ್ಲಿ ನುಸುಳುವ ಯೋಚನೆಯಂತೆ, ಕೊಳೆಯಾಗಿ ಕಂಡಿತು. ಗೆರೆಯ ಮೇಲೇ ಕತ್ತರಿ ಓಡಿಸಿದಳು.

"ಅಕ್ಕಾ, ಹೊಲಿಗೆಗೆ ಬಟ್ಟೆ ಎಲ್ಲಿ? ಹೊಲಿದ್ರೆ ಚಿಕ್ಕದಾಗುತ್ತೆ, ಗೊಂಬೆಗೆ ತೊಡಿಸೋಣ್ವಾ?" ಎಂದು ನಕ್ಕ ಮಾಲೀಕ ಅವಳ ಮುಖ ನೋಡಿ ನಗು ನಿಲ್ಲಿಸಿ, ಅತ್ತಿಗೆಗೆ ಫೋನು ಮಾಡಿದ.

ಅತ್ತಿಗೆ ಅವಳನ್ನು ಮನೋವೈದ್ಯೆಯ ಬಳಿ ಕರೆದೊಯ್ದಳು. ಭಯ ಹತ್ತರಲ್ಲಿ ಎಷ್ಟು ಎಂದು ವೈದ್ಯೆ ಕೇಳಿದಾಗ ಅವಳು ಹತ್ತು ಎಂದಳು. ವೈದ್ಯೆ ಮಾತ್ರೆ ಬರೆದುಕೊಟ್ಟರು. ಕೆಟ್ಟ ಯೋಚನೆ ಬಂದರೂ ಪ್ರಾರ್ಥನೆ ನಿಲ್ಲಿಸದೆ ಮುಗಿಸಬೇಕು ಎಂದರು. ಮಾತ್ರೆಯ ಪೊಟ್ಟಣವನ್ನು ಅವಳು ತೆರೆಯಲೇ ಇಲ್ಲ.

"ಭಯ ಹೋಗೋ ಮಾತ್ರೆ ತಗೊಂಡು ದೇವರೂ ಹೋಗಿಬಿಟ್ರೆ, ಅತ್ತಿಗೆ?"

"ಪ್ರಾರ್ಥನೆ ಕಲಿಸಿದವರನ್ನೇ ಕೇಳೋಣ ನಡಿ," ಎಂದಳು ಅತ್ತಿಗೆ. ಅವಳಿಗೆ ಚಿಕ್ಕಂದಿನಲ್ಲಿ ಆ ಪ್ರಾರ್ಥನೆ ಕಲಿಸಿದ್ದ ಗುರುಗಳ ಮನೆಗೇ ಇಬ್ಬರೂ ಹೋದರು.

"ಪ್ರಾರ್ಥನೆ ಮಧ್ಯೆ ನನಗೆ ಮಂಡಿನೋವು ನೆನಪಾಗುತ್ತೆ, ಒಮ್ಮೊಮ್ಮೆ ತಿಂಡಿ," ಎಂದರು ಮುದುಕರು, ಅವಳ ಕತೆ ಕೇಳಿ. "ಹಾಗೇ ಮುಂದಕ್ಕೆ ಹೇಳ್ಕೊಂಡು ಹೋಗ್ತೀನಿ. ಮಂಡಿಗೆ ಮಾತ್ರೇನೂ ತಗೋತೀನಿ."

"ಆಮೇಲೆ ಏನೂ ಆಗಲ್ವಾ, ಗುರುಗಳೇ?"

"ಆಗುತ್ತೆ. ನೋವು ಸ್ವಲ್ಪ ಕಡಿಮೆ ಆಗುತ್ತೆ."

ಮನೆಗೆ ಬಂದು ಮೊದಲ ಮಾತ್ರೆ ನುಂಗಿದಳು. ಮರುದಿನ ಕೆಟ್ಟ ಯೋಚನೆಯನ್ನು ಅದರ ಪಾಡಿಗೆ ಬಿಟ್ಟು ಪ್ರಾರ್ಥನೆ ಮುಗಿಸಿದಳು. ಅಂಗಡಿಯಿಂದ ಮನೆಗೆ ಫೋನು ಮಾಡಿ, "ಎಲ್ಲಾ ಇದ್ದೀರಾ?" ಎಂದು ಕೇಳಿದಳು.

"ಇದ್ದೀವಿ ಮಹಾತಾಯಿ, ಬರ್ತಾ ಸೊಪ್ಪು ತಗೊಂಡು ಬಾ," ಎಂದಳು ಅತ್ತಿಗೆ.

ಹಾಗೆ ದಿನಾ ಮಾಡುತ್ತಿದ್ದ ಫೋನು ಬರುಬರುತ್ತಾ ವಾರಕ್ಕೊಮ್ಮೆಗೆ ಇಳಿಯಿತು. ಕೆಲವು ದಿನ ಬೆಳಿಗ್ಗೆ ಮಾತ್ರ ಹಳೆಯ ಭಯ ಮರಳಿ ಬರುತ್ತಿತ್ತು.

ಮಾತ್ರೆಯ ಬಗ್ಗೆ ಅವಳಿಗಿದ್ದ ಅಂಜಿಕೆಯನ್ನು ಅತ್ತಿಗೆಯಿಂದ ತಿಳಿದಿದ್ದ ವೈದ್ಯೆ ಮೂರು ತಿಂಗಳ ಮೇಲೆ ಕೇಳಿದರು: "ದೇವರು ಇನ್ನೂ ಇದ್ದಾರಾ?"

"ಇದ್ದಾರೆ."

"ಭಯ? ಹತ್ತರಲ್ಲಿ ಎಷ್ಟು?"

ಬಟ್ಟೆಗೆ ಕತ್ತರಿ ಇಡುವ ಮುಂಚಿನ ಹಾಗೆ ಅವಳು ಮನಸ್ಸಿನಲ್ಲೇ ಅಳೆದು ನೋಡಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು: "ನಾಲ್ಕು."