ಅಣ್ಣ ಮಾಡದ ಆಣೆ

ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ನಮ್ಮಣ್ಣ ಇಪ್ಪತ್ತು ವರ್ಷ ಚೀಲಗಳಿಗೆ ಗುರುತು ಹಾಕಿದ. ಕೆಂಪು ಗೆರೆ ಬಿದ್ದ ಚೀಲ ಒಳಗೇ ಉಳಿಯಬೇಕು, ನೀಲಿ ಬಿದ್ದದ್ದು ಲಾರಿ ಹತ್ತಬೇಕು. ದಿನವಿಡೀ ಕುಳಿತೇ ಕೆಲಸ, ಗಂಟೆಗೊಮ್ಮೆ ಸಕ್ಕರೆ ಸುರಿದ ಚಹಾ, ಜೊತೆಗೆ ಮಿರ್ಚಿ. ಹೊಟ್ಟೆ ಮುಂದೆ ಬಂತು. "ಅಣ್ಣಾ, ಎಷ್ಟನೇ ತಿಂಗಳೋ?" ಎಂದು ನಾನೇ ಕಾಡುತ್ತಿದ್ದೆ. ಅವನೂ ನಗುತ್ತಿದ್ದ.

ಆರು ವರ್ಷದ ಹಿಂದೆ ಸ್ಕ್ಯಾನಿಂಗ್ ಮಾಡಿಸಿದಾಗ, ಅವನ ಲಿವರ್‌ಗೆ ಕೊಬ್ಬು ತುಂಬಿ ಅದು ಗಟ್ಟಿಯಾಗತೊಡಗಿದೆ ಎಂದು ಗೊತ್ತಾಯಿತು. ನಮ್ಮದು ಲಿಂಗ ಕಟ್ಟಿದ ಮನೆತನ. ಲಿವರ್ ಕೆಟ್ಟಿತೆಂದರೆ ನಮ್ಮಲ್ಲಿ ಒಂದೇ ಅರ್ಥ, ಕದ್ದು ಕುಡಿತ. ನಾನು ದಿನಾ ಬಸ್ಸಿನಲ್ಲಿ ಹಾನಗಲ್ಲಿಗೆ ಹೋಗಿ ಬರುವ ಶಾಲಾ ಮಾಸ್ತರ. ತಪ್ಪು ಹುಡುಕುವುದು ಮೈಗೆ ಅಂಟಿಬಿಟ್ಟಿತ್ತು. ಅಣ್ಣ ಬೆಳಗಿನ ಪೂಜೆಗೆ ಕುಳಿತಿದ್ದಾಗ ಅವ್ವನ ಎದುರಿಗೇ ಕೇಳಿದೆ.

"ಖರೇ ಹೇಳು, ಕುಡಿತೀಯೋ ಇಲ್ಲೋ?"

"ಇಲ್ಲೋ ತಮ್ಮಾ. ಒಂದ ಹನಿನೂ ಮುಟ್ಟಿಲ್ಲ."

"ಹಂಗಾರ ಅಂಗೈಯಾಗಿನ ಲಿಂಗ ಹಿಡದ ಆಣಿ ಮಾಡು."

ಅಣ್ಣ ಅಂಗೈಯನ್ನೇ ನೋಡುತ್ತ ಕುಳಿತ. "ಇದನ್ನ ಆಣಿ ಮಾಡಾಕ ಕೊಟ್ಟಿಲ್ಲ. ನನ್ನ ಮಾತ ಸಾಕಾಗೂದಿಲ್ಲೇನು?" ಎಂದ.

ಸಾಕಾಗಲಿಲ್ಲ. ಆಣೆ ಮಾಡಲಿಲ್ಲವೆಂದರೆ ಒಪ್ಪಿಕೊಂಡ ಹಾಗೇ ಎಂದುಕೊಂಡೆವು. ಮರುದಿನ ಅವ್ವ ಅವನ ಮಣೆಯನ್ನು ದೇವರ ಕೋಣೆಯಿಂದ ಹೊರಗಿಟ್ಟಳು. ನಾನು ಬೇಡವೆನ್ನಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಬ್ಬನೇ ವಿಭೂತಿ ಹಚ್ಚಿಕೊಂಡು ಅವನು ಪೂಜೆ ಮಾಡುತ್ತಿದ್ದ. ಸಕ್ಕರೆ ಬಿಡು, ನಾಲ್ಕು ಹೆಜ್ಜೆ ನಡೆ ಎಂದು ನಾವ್ಯಾರೂ ಹೇಳಲಿಲ್ಲ. ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದೇ ನಮ್ಮ ಹಟ. ಎರಡು ವರ್ಷದಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ. ಮಣ್ಣು ಮಾಡುವಾಗ ಅವನ ಅಂಗೈಯಲ್ಲಿ ಲಿಂಗ ಇಟ್ಟವನು ನಾನೇ.

ಈ ವರ್ಷ ನನ್ನ ಲಿವರ್‌ಗೂ ಕೊಬ್ಬು ಹಿಡಿದಿದೆ. ನಾನೂ ಕುಡಿದವನಲ್ಲ. ಅಣ್ಣನ ಕಥೆ ಹೇಳಿದಾಗ ಹಾನಗಲ್ಲಿನ ಡಾಕ್ಟರು ತಾಳ್ಮೆಯಿಂದ ತಿಳಿಸಿದರು. "ಕುಡೀಲಾರದವರಿಗೂ ಇದು ಬರ್ತೈತ್ರಿ. ಕುಂತ ಕೆಲಸ, ಸಕ್ಕರಿ, ತೂಕ, ಮನೆತನ, ಎಲ್ಲಾ ಸೇರಿ. ಹುಟ್ಟಿನಿಂದ ಬಂದ ಜೀನ್ ಅದೇ ಇರ್ತೈತಿ, ಆದ್ರ ಅದರ ಮ್ಯಾಲೆ ಸಣ್ಣ ಸಣ್ಣ ರಾಸಾಯನಿಕ ಗುರುತು ಬೀಳ್ತಾವು. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೂದಕ್ಕ ಅವೂ ಕಾರಣ. ಈ ರೋಗ ಇದ್ದವರ ರಕ್ತದಾಗ ಆ ಗುರುತು ಬ್ಯಾರೆ ಥರಾ ಕಾಣ್ತಾವಂತ. ಇನ್ನೂ ಸಂಶೋಧನಿ ನಡದೈತ್ರಿ."

ನನಗೆ ಗಿರಣಿಯ ಚೀಲಗಳು ನೆನಪಾದವು. ಒಳಗಿನ ಅಕ್ಕಿ ಅದೇ, ಮೇಲಿನ ಗೆರೆ ಬೇರೆ. ಅಣ್ಣನ ರಕ್ತದಲ್ಲೂ ಅಂಥ ಗುರುತು ಇದ್ದವೋ ಏನೋ. ನಾನಂತೂ ಅವನು ಮಲಗಿದ್ದಾಗ ಬಾಯಿ ಮೂಸಿ ನೋಡಿದ್ದೆ. ನೆನೆದರೆ ನಾಚಿಕೆಯಾಗುತ್ತದೆ, ಅಳು ಬರುತ್ತದೆ.

ಔಷಧ ಬರೆಯುವ ಮುಂಚೆ ಡಾಕ್ಟರು ತಲೆ ಎತ್ತದೆ ಕೇಳಿದರು, "ನಿಮಗ ಕುಡಿಯೂ ರೂಢಿ ಐತೇನ್ರಿ?"

"ಇಲ್ರಿ."

"ಆತು," ಎಂದು ಬರೆದುಕೊಂಡರು. ಅವರಿಗೆ ಅಷ್ಟೇ ಸಾಕಾಯಿತು.