ಮಗಳ ಎದೆಯಲ್ಲಿ ಎರಡು ಸೋಂಕು

ನನ್ನ ಚಿಕ್ಕ ಮಗಳಿಗೆ ಆಗ ಒಂದೂವರೆ ವರ್ಷ. ಅಮೃತಹಳ್ಳಿಯ ನಮ್ಮ ಮನೆಗೆ ಶಾಲೆಯಿಂದ ನೆಗಡಿ ತಂದವಳು ದೊಡ್ಡವಳು. ಅವಳು ಮೂರೇ ದಿನದಲ್ಲಿ ಚೇತರಿಸಿಕೊಂಡಳು. ಚಿಕ್ಕವಳಿಗೆ ಜ್ವರ ಹಿಡಿಯಿತು. ಹತ್ತಿರದ ಡಾಕ್ಟರು ಮೂಗಿನ ದ್ರವ ಪರೀಕ್ಷೆ ಮಾಡಿಸಿ, ಫ್ಲೂ ಎಂದು ಹೇಳಿ ಔಷಧ ಬರೆದುಕೊಟ್ಟರು. ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಎಂದು ನನಗೆ ಅರ್ಧ ನಿರಾಳವಾಯಿತು.

ನಾಲ್ಕನೇ ದಿನ ಜ್ವರ ಬಿಟ್ಟಿತು. ಎರಡು ತುತ್ತು ರಾಗಿ ಸರಿಯನ್ನೂ ತಿಂದಳು. ಮರುದಿನ ಬೆಳಗ್ಗೆ ಏಳರ ಹೊತ್ತಿಗೆ ಮತ್ತೆ ಮೈ ಸುಡುತ್ತಿತ್ತು. ಅತ್ತೆ ಅವಳ ಅಂಗಿ ಎತ್ತಿ ಎದೆ ನೋಡಿದರು.

"ಪಕ್ಕೆ ಒಳೀಕ್ ಎಳ್ಕೊಂತಾ ಐತೆ ನೋಡು. ಇದು ಮೊದ್ಲಿನ್ ಜ್ವರ ಅಲ್ಲ ಕಣಮ್ಮ."

"ಫ್ಲೂ ಅಂತ ರಿಪೋರ್ಟಲ್ಲೇ ಬಂದಿದೆಯಲ್ಲ ಅತ್ತೆ. ಒಂದು ವಾರ ಇರುತ್ತಂತೆ. ಸುಮ್ನೆ ಹೆದರಿಸ್ಬೇಡಿ," ಎಂದು ಸಿಡುಕಿದೆ.

ಅವರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅದರ ಉಸಿರು ಎಣಿಸುತ್ತಾ ಕುಳಿತರು. ಹತ್ತು ಗಂಟೆಗೆ ಹಾಲೂಡಿಸಲು ಹೋದರೆ, ಬಾಯಿ ಹಾಕಿದ್ದೇ ಏದುಸಿರು ಬಂದು ಮಗು ಮುಖ ತಿರುಗಿಸಿತು. ತುಟಿಯ ಸುತ್ತ ನೀಲಿ ಛಾಯೆ ಇತ್ತು. ಆಟೊ ಹಿಡಿದು ಆಸ್ಪತ್ರೆಗೆ ಹೊರಟೆವು.

ಹೆಬ್ಬಾಳದ ಫ್ಲೈಓವರ್ ಕೆಳಗೆ ನಮ್ಮ ಆಟೊ ಅಲುಗಾಡದೆ ನಿಂತಿತು. "ಮಲಗಿಸ್ಬೇಡ, ನೆಟ್ಟಗೆ ಹಿಡ್ಕೊ," ಎಂದರು ಅತ್ತೆ. ಮಗು ಅಳುವುದನ್ನೂ ನಿಲ್ಲಿಸಿತ್ತು. ಅತ್ತರೆ ಸಾಕು ಎಂದು ಅದರ ಪಾದ ಚಿವುಟಿದೆ.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿದ ನರ್ಸ್ ಮಗುವನ್ನು ಎತ್ತಿಕೊಂಡು ಒಳಗೆ ಓಡಿದರು. ಆಕ್ಸಿಜನ್ ಹಚ್ಚಿ ಎಕ್ಸ್‌ರೇ ತೆಗೆದ ಮೇಲೆ ಮಕ್ಕಳ ಡಾಕ್ಟರು ಹೊರಗೆ ಬಂದರು.

"ಫ್ಲೂ ಜೊತೆಗೆ ನ್ಯುಮೋನಿಯಾನೂ ಸೇರ್ಕೊಂಡಿದೆ, ಬ್ಯಾಕ್ಟೀರಿಯಾದ್ದು ಅನ್ಸುತ್ತೆ. ಒಂದೇ ಆಗಿದ್ರೆ ಮಗು ತಡ್ಕೊಳ್ತಿತ್ತೇನೋ. ಫ್ಲೂ ಉಸಿರಿನ ದಾರಿ ಕೆಡಿಸಿಟ್ಟಿರುತ್ತೆ, ಇನ್ನೊಂದು ಸಲೀಸಾಗಿ ಒಳಗೆ ಇಳಿಯುತ್ತೆ. ಯಾವಾಗಿಂದ ಉಸಿರು ಹಿಂಗಿದೆ?"

ನಾನು ಅತ್ತೆಯ ಕಡೆ ನೋಡಿದೆ.

"ಈಗಿನ್ನೂ ನೋಡಿದ್ದು ಸಾರ್. ನೋಡಿದ್ ತಕ್ಷಣ ಎತ್ಕೊಂಡ್ ಬಂದ್ವಿ," ಎಂದರು ಅತ್ತೆ.

ಆ ಸುಳ್ಳು ನನಗಾಗಿ ಎಂದು ಗೊತ್ತಿತ್ತು. ಅದನ್ನು ಹಾಗೇ ಬಿಡಲಾಗಲಿಲ್ಲ. "ಇಲ್ಲ ಸಾರ್, ಏಳು ಗಂಟೆಯಿಂದ. ಇವರು ಆಗಲೇ ಹೇಳಿದ್ರು, ನಾನೇ ಕೇಳ್ಲಿಲ್ಲ," ಎಂದೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು.

ಎರಡು ದಿನ ಆಕ್ಸಿಜನ್ ಮೇಲೆಯೇ ಇದ್ದಳು. ಮೂರನೆಯ ದಿನ ಬೆಳಗ್ಗೆ ಮೂಗಿನ ನಳಿಕೆಯನ್ನು ತಾನೇ ಕಿತ್ತೆಸೆದು ನರ್ಸಿಗೆ ಕಾಲು ಝಾಡಿಸಿದಳು. ಡಾಕ್ಟರು ನಕ್ಕರು. ವಾರ್ಡಿನ ಬೆಂಚಿನ ಮೇಲೆ ನಾನು ಅತ್ತೆಯ ಕ್ಷಮೆ ಕೇಳಿದೆ.

"ನಂಗೂ ಏನೂ ಗೊತ್ತಿರ್ಲಿಲ್ಲ ಕಣಮ್ಮ," ಎಂದರು ಅವರು. "ಭಯ ಆಗಿತ್ತು, ಅಷ್ಟೇಯ."